ಕೋರ್ಟಿನಲ್ಲಿ ಸಿಗದ ನ್ಯಾಯವನ್ನು ಕೈಯಿಂದ ಪಡೆಯಬಹುದೇ?

ಓದುಗರ ಪ್ರಶ್ನೆ: ಸರ್, ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಸಣ್ಣದೊಂದು ಮಾವಿನ ತೋಪಿದೆ. ಪಕ್ಕದವರು ಬದು ಒತ್ತಿಕೊಂಡು ಬಂದರು. 2021ರಲ್ಲಿ ಕೇಳಲು ಹೋದ ನಮ್ಮ ತಂದೆಯನ್ನು ಮೂವರು ಮಚ್ಚಿನಿಂದ ಹೊಡೆದರು. ಬಲಗೈ ಬೆರಳುಗಳು ಇವತ್ತಿಗೂ ಮಡಚುವುದಿಲ್ಲ. ಐಪಿಸಿ 326 (ಆಯುಧದಿಂದ ತೀವ್ರ ಗಾಯ ಮಾಡಿದ್ದು) ಕೇಸು ಆಯಿತು. ಮೂವರೂ ಜಾಮೀನಿನ ಮೇಲೆ ಹೊರಗಿದ್ದಾರೆ. ಕಣ್ಣಾರೆ ನೋಡಿದ್ದ ಇಬ್ಬರು ಕೋರ್ಟಿನಲ್ಲಿ ‘ನಾವೇನೂ ನೋಡಿಲ್ಲ’ ಎಂದುಬಿಟ್ಟರು. ಅವತ್ತು ಸಂಜೆ ಆ ಕಡೆಯವರು ಊರಲ್ಲಿ ಪಟಾಕಿ ಹೊಡೆದರು. ಅಪ್ಪನಿಗೆ ಆರೋಗ್ಯ ಸರಿಯಿಲ್ಲದೆ ಅವರ ಸಾಕ್ಷಿ ಮುಂದಕ್ಕೆ ಹೋಗುತ್ತಿದೆ. ನಮ್ಮ ಚಿಕ್ಕಪ್ಪನ ಮಗ ಹುಡುಗರನ್ನು ಸೇರಿಸಿಕೊಂಡು ‘ಕಾಯಿ ಕೀಳೋ ಹೊತ್ತಿಗೆ ಲೆಕ್ಕ ಚುಕ್ತಾ ಮಾಡ್ತೀನಿ’ ಅನ್ನುತ್ತಿದ್ದಾನೆ. ತಡೆಯಬೇಕು ಅನಿಸುತ್ತದೆ. ಆದರೆ ಏನು ಹೇಳಿ ತಡೆಯಲಿ? ಭೀಮ ಕೊಂದರೆ ಧರ್ಮ. ಪೊಲೀಸರು ಹೊಡೆದರೆ ಕಾನೂನು. ಕೋರ್ಟು ಗಲ್ಲಿಗೆ ಹಾಕಿದರೆ ನ್ಯಾಯ. ನಾವು ಕೈ ಎತ್ತಿದರೆ ಮಾತ್ರ ಹಿಂಸೆಯಾ? ಶಾಂತಿಯಿಂದ ಇರಿ ಅನ್ನೋದು ಹೊಡೆಸಿಕೊಂಡವರಿಗೆ ಮಾತ್ರ ಹೇಳೋ ಬುದ್ಧಿಮಾತು, ಅಲ್ವಾ?

ಉತ್ತರ: ನಿಮ್ಮ ಕಾಗದದಲ್ಲಿ ಎರಡು ಪ್ರಶ್ನೆಗಳಿವೆ. ಹಿಂಸೆಗೂ ನ್ಯಾಯಕ್ಕೂ ಏನು ಸಂಬಂಧ ಎನ್ನುವುದು ಒಂದು. ಕಾಯಿ ಕೀಳುವ ಮುಂಚೆ ಆ ಹುಡುಗನಿಗೆ ಏನು ಹೇಳುವುದು ಎನ್ನುವುದು ಇನ್ನೊಂದು. ಅವಸರ ಇರುವುದು ಎರಡನೆಯದಕ್ಕೆ. ಆದರೂ ಮೊದಲನೆಯದರಿಂದಲೇ ಶುರು ಮಾಡುತ್ತೇನೆ. ಸುಮ್ನೆ ‘ಜೈಲಿಗೆ ಹೋಗ್ತೀಯ’ ಎಂದರೆ ಅವನು ‘ಹೋಗ್ತೀನಿ ಬಿಡಣ್ಣ’ ಅನ್ನುತ್ತಾನೆ. ಕೋಲಾರದ ಕೋರ್ಟುಗಳಲ್ಲಿ ಕ್ರಿಮಿನಲ್ ಕೇಸು ನಡೆಸುತ್ತಾ ಈ ಮಾತನ್ನು ಬಹಳ ಸಲ ಕೇಳಿದ್ದೇನೆ. ಹೆದರಿಸಿದರೆ ನಿಲ್ಲುವ ಸಿಟ್ಟಲ್ಲ ಇದು.

ನಿಲ್ಲಬೇಕಾದ ಸಿಟ್ಟೂ ಅಲ್ಲ. ಅಪ್ಪನ ಕೈ ಕಡಿದವರು ಪಟಾಕಿ ಹೊಡೆದಾಗ ಮಗನಿಗೆ, ತಮ್ಮನ ಮಗನಿಗೆ ಸಿಟ್ಟು ಬರದಿದ್ದರೆ ಅಲ್ಲಿ ಏನೋ ಸತ್ತಿದೆ ಎಂದೇ ಅರ್ಥ. ನಮ್ಮ ಕಡೆ ಹಿರಿಯರು ಮೊದಲು ‘ಸಿಟ್ಟು ಬಿಡಪ್ಪ’ ಅನ್ನುತ್ತಾರೆ. ಅದು ತಪ್ಪು ಜಾಗದಿಂದ ಶುರು ಮಾಡಿದ ಹಾಗೆ. ಸಿಟ್ಟು ನಿಮಗೆ ಸರಿಯಾದ ವಿಷಯವನ್ನೇ ಹೇಳುತ್ತಿದೆ: ಇಲ್ಲಿ ಅನ್ಯಾಯ ಆಗಿದೆ, ಅದು ಇನ್ನೂ ಸರಿಹೋಗಿಲ್ಲ. ಅದನ್ನು ಸರಿಪಡಿಸುವುದು ಹೇಗೆ ಎನ್ನುವುದಷ್ಟೇ ನಮ್ಮ ಮುಂದಿರುವ ಪ್ರಶ್ನೆ.

ಹಿಂಸೆ ಎಲ್ಲ ಕಾಲಕ್ಕೂ ತಪ್ಪು ಎಂದು ನಾನು ಹೇಳುವುದಿಲ್ಲ. ನಮ್ಮ ಕಾನೂನೂ ಹಾಗೆ ಹೇಳುವುದಿಲ್ಲ. ಐಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳನ್ನು ಓದಿ. ನಿಮ್ಮ ಮೈಗೆ, ಇನ್ನೊಬ್ಬರ ಮೈಗೆ, ನಿಮ್ಮ ಆಸ್ತಿಗೆ ಅಪಾಯ ಬಂದಾಗ ಬಲ ಬಳಸಿ ತಡೆಯುವ ಹಕ್ಕನ್ನು ಅವು ಕೊಡುತ್ತವೆ. ಪ್ರಾಣಕ್ಕೇ ಅಪಾಯವಿದ್ದರೆ ಎದುರಾಳಿ ಸತ್ತರೂ ಅದು ಅಪರಾಧವಲ್ಲ. ಅವತ್ತು ತೋಪಿನಲ್ಲಿ ಮಚ್ಚು ಎದ್ದ ಕ್ಷಣದಲ್ಲಿ ನಿಮ್ಮ ತಮ್ಮ (ಆ ಚಿಕ್ಕಪ್ಪನ ಮಗ) ಅಡ್ಡ ಬಂದು, ಕೈಗೆ ಸಿಕ್ಕ ದೊಣ್ಣೆಯಿಂದ ಹೊಡೆದಿದ್ದರೆ, ನಾನು ಹೆಮ್ಮೆಯಿಂದ ಅವನ ಪರ ವಾದ ಮಾಡುತ್ತಿದ್ದೆ. ಅಹಿಂಸೆಯ ಮಾತು ಬಂದಾಗ ಎಲ್ಲರೂ ನೆನೆಯುವ ಗಾಂಧೀಜಿ ಕೂಡ 1920ರಲ್ಲಿ ಬರೆದದ್ದು ಇದನ್ನೇ. ಹೇಡಿತನ ಅಥವಾ ಹಿಂಸೆ, ಎರಡೇ ದಾರಿ ಉಳಿದಿದ್ದರೆ ತಾವು ಹಿಂಸೆಯ ಸಲಹೆ ಕೊಡುತ್ತೇವೆ ಎಂದು. ಹೊಡೆಸಿಕೊಂಡು ಸುಮ್ಮನಿರು ಎಂದು ಅವರು ಯಾರಿಗೂ ಹೇಳಲಿಲ್ಲ.

ಈಗ ನೀವು ಎತ್ತಿದ ಭೀಮನ ಮಾತು. ಬಕಾಸುರನನ್ನು ಕೊಂದ ಏಕಚಕ್ರಪುರ ನಮ್ಮ ಕೈವಾರವೇ ಎಂದು ಈ ಕಡೆಯ ಜನ ನಂಬುತ್ತಾರೆ. ಆ ಕಥೆಯ ವಿವರಗಳನ್ನು ಸ್ವಲ್ಪ ಗಮನಿಸಿ. ಬಕ ಊರಿನಿಂದ ಸರದಿ ಪ್ರಕಾರ ಗಾಡಿ ಅನ್ನದ ಜೊತೆ ಒಬ್ಬ ಮನುಷ್ಯನನ್ನೂ ಕೇಳುತ್ತಿದ್ದ. ನಾಳೆ ಇನ್ನೊಬ್ಬ ಸಾಯುವುದು ಖಂಡಿತ. ದೂರು ಕೊಡೋಣ ಎಂದರೆ ರಾಜ ಕೈಲಾಗದವನು. ಇದನ್ನು ಆ ಮನೆಯ ಬ್ರಾಹ್ಮಣನೇ ಕುಂತಿಗೆ ಹೇಳುತ್ತಾನೆ. ಭೀಮನಿಗೆ ಬಕನ ಮೇಲೆ ಸ್ವಂತ ಹಗೆ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ವಿಷಯ, ಬಕ ಸತ್ತ ಮೇಲೆ ಅವನ ನಂಟರು ಹೆದರಿ ಬಂದಾಗ ಭೀಮ ಅವರನ್ನು ಮುಟ್ಟಲಿಲ್ಲ. ಇನ್ನು ಮೇಲೆ ಮನುಷ್ಯರಿಗೆ ತೊಂದರೆ ಕೊಡಬೇಡಿ ಎಂದು ಮಾತು ತೆಗೆದುಕೊಂಡು ಬಿಟ್ಟುಕಳಿಸಿದ. ಅಪಾಯ ಮುಗಿದ ಕಡೆಗೆ ಅವನ ಕೈಯೂ ನಿಂತಿತು.

ಕೋಲಾರದ ಬೆಟ್ಟಕ್ಕೆ ಅಂಟಿಕೊಂಡ ಕಥೆ ಬೇರೆಯದು. ಕಾರ್ತವೀರ್ಯ ಜಮದಗ್ನಿಯ ಹಸುವನ್ನು ಎಳೆದುಕೊಂಡು ಹೋದ. ಮಗ ಪರಶುರಾಮ ಕಾರ್ತವೀರ್ಯನನ್ನು ಕೊಂದ. ಕಾರ್ತವೀರ್ಯನ ಮಕ್ಕಳು ಬಂದು ಜಮದಗ್ನಿಯನ್ನು ಕೊಂದರು. ಆಮೇಲೆ ಪರಶುರಾಮ ಕೊಡಲಿ ಹಿಡಿದು 21 ಸಲ ಭೂಮಿ ಸುತ್ತಿದ. ಹಸು ಕದ್ದವನು ಮೊದಲ ಸುತ್ತಿಗೂ ಮುಂಚೆಯೇ ಸತ್ತಿದ್ದ. ಉಳಿದ ಸುತ್ತುಗಳಲ್ಲಿ ಸತ್ತವರಲ್ಲಿ ಆ ಹಸುವನ್ನು ಕಂಡೇ ಇಲ್ಲದವರು ಎಷ್ಟು ಜನವೋ. ನಿಮ್ಮ ತಮ್ಮ ತನ್ನನ್ನು ಭೀಮ ಅಂದುಕೊಂಡಿದ್ದಾನೆ. ಆದರೆ ಅವನು ನಿಂತಿರುವುದು ಈ ಎರಡನೇ ಕಥೆಯ ಬಾಗಿಲಲ್ಲಿ. ಪೆಟ್ಟು ಬಿದ್ದು ವರ್ಷಗಳಾಗಿವೆ. ಈಗ ಹೊಡೆದರೆ ಅದರಿಂದ ಯಾರನ್ನೂ ಕಾಪಾಡಿದ ಹಾಗಾಗುವುದಿಲ್ಲ. ಕಾನೂನು ಗೆರೆ ಎಳೆಯುವುದೂ ಇಲ್ಲೇ. ಪೊಲೀಸರ ಹತ್ತಿರ ಹೋಗಲು ಸಮಯವಿದ್ದರೆ ಆತ್ಮರಕ್ಷಣೆಯ ಹಕ್ಕಿಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವ ಹಕ್ಕೂ ಇಲ್ಲ ಎಂದು 37ನೇ ಕಲಂ ಹೇಳುತ್ತದೆ.

ಕೋರ್ಟು ಮಾಡುವುದೂ ಹಿಂಸೆಯೇ ಅಲ್ಲವಾ ಎಂದು ಕೇಳಿದ್ದೀರಿ. ಹೌದು. ಇದನ್ನು ಮುಚ್ಚಿಡಬಾರದು. ಪ್ರತಿ ತೀರ್ಪಿನ ಹಿಂದೆ ಲಾಠಿ ಇದೆ, ಬೀಗ ಇದೆ. ತನ್ನ ನೆಲದಲ್ಲಿ ಬಲ ಬಳಸುವ ಹಕ್ಕು ತನಗೊಬ್ಬನಿಗೇ ಎಂದು ಹೇಳಿಕೊಂಡು ಗೆಲ್ಲುವುದೇ ಸರ್ಕಾರ ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1919ರಲ್ಲಿ ಹೇಳಿದ. ಎರಡು ವರ್ಷದ ನಂತರ ಅದೇ ದೇಶದ ಚಿಂತಕ ವಾಲ್ಟರ್ ಬೆಂಜಮಿನ್ ಇನ್ನೂ ಚುಚ್ಚಿ ಕೇಳಿದ. ಕಾನೂನನ್ನು ಹುಟ್ಟಿಸುವ ಹಿಂಸೆ ಒಂದು, ಅದನ್ನು ಕಾಯುವ ಹಿಂಸೆ ಇನ್ನೊಂದು. ಪೊಲೀಸರ ಕೈಯಲ್ಲಿ ಇವೆರಡೂ ಬೆರೆತುಹೋಗುತ್ತವೆ ಎಂದ. ಠಾಣೆಗಳನ್ನು ಹತ್ತಿರದಿಂದ ನೋಡಿದ ನನಗೆ ಅವನ ಮಾತು ಅತಿಯಾಯಿತು ಅನಿಸಿಲ್ಲ.

ಹಾಗಾದರೆ ಜೈಲಿಗೂ ಮಚ್ಚಿಗೂ ಏನು ವ್ಯತ್ಯಾಸ? ಜೈಲಿಗೆ ಕಳಿಸುವವರು ನಿಮ್ಮ ಕಡೆಯವರೂ ಅಲ್ಲ, ಅವರ ಕಡೆಯವರೂ ಅಲ್ಲ. ಕಳಿಸುವ ಮುಂಚೆ ಆರೋಪಿಯ ಮಾತು ಕೇಳಬೇಕು. ಕಾರಣವನ್ನು ಬರೆದು ಕೊಡಬೇಕು. ಆ ಕಾರಣ ತಪ್ಪು ಎಂದು ಮೇಲಿನ ಕೋರ್ಟಿಗೆ ಹೋಗಬಹುದು. ಶಿಕ್ಷೆಗೆ ಒಂದು ಅಳತೆ ಇದೆ, ಕೊನೆ ಇದೆ. ಇವು ಇರುವಷ್ಟು ಹೊತ್ತು ಮಾತ್ರ ಸರ್ಕಾರದ ಬಲಕ್ಕೆ ನ್ಯಾಯದ ಹೆಸರು ಸಲ್ಲುತ್ತದೆ. ಇವನ್ನು ತೆಗೆದುಹಾಕಿದರೆ ಖಾಕಿಯೂ ಬರೀ ಒಂದು ಗುಂಪು. 2019ರ ಡಿಸೆಂಬರ್ 6ರಂದು ಹೈದರಾಬಾದ್ ಹತ್ತಿರ ಅತ್ಯಾಚಾರ ಮತ್ತು ಕೊಲೆ ಕೇಸಿನ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು. ಜನ ಪೊಲೀಸರ ಮೇಲೆ ಹೂವು ಸುರಿದರು. ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗದ ವರದಿ 2022ರಲ್ಲಿ ಹೊರಬಂತು. ಕೊಲ್ಲಬೇಕೆಂದೇ ಗುಂಡು ಹಾರಿಸಿದ್ದರು ಎಂದು ಅದು ಹೇಳಿತು. ಆ ನಾಲ್ವರೇ ಆ ಹೆಣ್ಣುಮಗಳನ್ನು ಕೊಂದದ್ದಾ? ಈ ಪ್ರಶ್ನೆಗೆ ಇನ್ನು ಯಾವ ಕೋರ್ಟೂ ಉತ್ತರ ಕೊಡಲಾರದು. ಅವಳಿಗೆ ಸಲ್ಲಬೇಕಾಗಿದ್ದ ಉತ್ತರ ಅದು.

ನನ್ನ ಮುಖ್ಯ ಮಾತು ಇಲ್ಲಿಂದ ಬರುತ್ತದೆ. ನಿಮ್ಮ ತಂದೆಗೆ ಆದ ನಷ್ಟ ಎರಡು. ಒಂದು, ಕೈ. ಯಾರನ್ನು ಹೊಡೆದರೂ ಅದು ಮೊದಲಿನ ಹಾಗೆ ಆಗುವುದಿಲ್ಲ. ಇನ್ನೊಂದು, ‘ಇವನನ್ನು ಹೊಡೆಯಬಹುದು, ಏನೂ ಆಗೋದಿಲ್ಲ’ ಎಂದು ಆ ಮೂವರು ಊರಿಗೆಲ್ಲ ಸಾರಿದ್ದು. ಪಟಾಕಿ ಹೊಡೆದದ್ದೂ ಅದನ್ನು ಸಾರಲಿಕ್ಕೇ. ಈ ಎರಡನೆಯದನ್ನು ಸುಳ್ಳು ಮಾಡಲು ನ್ಯಾಯ ಬೇಕು. ಯಾರ ಕಡೆಗೂ ಸೇರದ ಒಬ್ಬರು ಎಲ್ಲರ ಎದುರು ಹೇಳಬೇಕು: ಇದು ನಡೆಯಿತು, ಇವರು ಮಾಡಿದರು, ಈ ಮನುಷ್ಯನಿಗೆ ಹೀಗೆ ಮಾಡುವ ಹಕ್ಕು ಯಾರಿಗೂ ಇರಲಿಲ್ಲ. ಶಿಕ್ಷೆ ಆ ಮಾತಿಗೆ ತೂಕ ಕೊಡುತ್ತದೆ. ಆ ಮಾತು ಇಲ್ಲದೆ ಕೊಟ್ಟ ಪೆಟ್ಟು ಎಷ್ಟು ಜೋರಾಗಿದ್ದರೂ ಬರೀ ಪೆಟ್ಟೇ.

ಈಗ ನಿಮ್ಮ ತಮ್ಮ ಹೋಗಿ ಹೊಡೆದ ಅಂತಿಟ್ಟುಕೊಳ್ಳಿ. ಮುಂದೆ ಏನಾಗುತ್ತದೆ ಎಂದು ನೋಡಿದ್ದನ್ನೇ ಹೇಳುತ್ತೇನೆ. ಅದೇ ರಾತ್ರಿ ಎದುರು ಕೇಸು ಬೀಳುತ್ತದೆ. ಪೊಲೀಸರು ‘ಎರಡೂ ಕಡೆಯವರಿಗೆ ಹಳೇ ದ್ವೇಷ’ ಎಂದು ಬರೆಯುತ್ತಾರೆ. ಪೇಪರಿನಲ್ಲಿ ‘ಎರಡು ಗುಂಪುಗಳ ಮಾರಾಮಾರಿ’ ಎಂದು ಬರುತ್ತದೆ. ಊರಿನ ದೊಡ್ಡವರು ಬಂದು ಕೂರುತ್ತಾರೆ. ‘ಅವರ ಕಡೆ ಮೂರು ಜನ, ನಿಮ್ಮ ಕಡೆ ಆರು ಜನ. ಎರಡೂ ಕೇಸು ಬಿಟ್ಟುಬಿಡಿ’ ಅನ್ನುತ್ತಾರೆ. 326 ಸುಲಭವಾಗಿ ರಾಜಿ ಆಗುವ ಕಲಂ ಅಲ್ಲ. ಹಾಗಾಗಿ ಬಿಡುವುದಕ್ಕೆ ಒಂದೇ ದಾರಿ ಉಳಿಯುತ್ತದೆ. ತಮ್ಮನ ಮಗನನ್ನು, ಅಂದರೆ ನಿಮ್ಮ ತಮ್ಮನನ್ನು, ಉಳಿಸಲು ನಿಮ್ಮ ತಂದೆ ಕಟಕಟೆ ಹತ್ತಿ, ಆ ಬೆರಳು ಮಡಚದ ಕೈ ಎತ್ತಿ ಪ್ರಮಾಣ ಮಾಡಿ, ‘ನನ್ನನ್ನು ಹೊಡೆದವರು ಯಾರು ಗೊತ್ತಿಲ್ಲ’ ಎಂದು ಹೇಳಬೇಕು. ಆ ಇಬ್ಬರು ಸಾಕ್ಷಿಗಳು ಹೇಳಿದ ಸುಳ್ಳನ್ನು ನಿಮ್ಮ ತಂದೆಯ ಬಾಯಿಂದಲೇ ಹೇಳಿಸಿದ ಹಾಗಾಯಿತು. ಹೀಗೆ ಹೇಳಿ ಕೆಳಗಿಳಿದು ಬಂದ ಮುದುಕರನ್ನು ನಾನು ನೋಡಿದ್ದೇನೆ. ಮಗನಿಗೆ ಶಿಕ್ಷೆ ತಪ್ಪಿತು ಎನ್ನುವ ನೆಮ್ಮದಿ ಅವರ ಮುಖದಲ್ಲಿ ಇರಲಿಲ್ಲ.

ಹೊಡೆಯುವ ತನಕ ನಿಮ್ಮ ತಂದೆ ಅನ್ಯಾಯಕ್ಕೆ ಒಳಗಾದವರು. ಹೊಡೆದ ಮೇಲೆ ಜಗಳದ ಒಂದು ಪಕ್ಷ. ಅವರ ಹತ್ತಿರ ಈಗ ಉಳಿದಿರುವ ಒಂದೇ ಆಸ್ತಿಯನ್ನು ನಿಮ್ಮ ತಮ್ಮ ಪ್ರೀತಿಯಿಂದಲೇ ಕಳೆದುಬಿಡುತ್ತಾನೆ.

‘ಕೋರ್ಟು ಆ ಮಾತು ಹೇಳದೇ ಹೋದರೆ?’ ನೀವು ಇದನ್ನು ಕೇಳಿಯೇ ಕೇಳುತ್ತೀರಿ. ಕೇಳಬೇಕು ಕೂಡ. ನಿಮ್ಮ ಪಕ್ಕದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಬೆಂಕಿಗೆ ಹಾಕಿ ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಕೊಂದವರು ಯಾರೂ ಇಲ್ಲ. ನಮ್ಮ ಜಿಲ್ಲೆಗಳಲ್ಲಿ ವಕೀಲಿಕೆ ಮಾಡುವ ಯಾರಿಗೂ ಇದು ಹಳೆಯ ಸುದ್ದಿಯಲ್ಲ. ಬಡವನ ಸಾಕ್ಷಿಯನ್ನು ಕಾಪಾಡಲಾಗದ ವ್ಯವಸ್ಥೆಯೂ ಹಿಂಸೆಯನ್ನೇ ಮಾಡುತ್ತದೆ, ಆದರೆ ಅದರ ಕೈಯಲ್ಲಿ ಮಚ್ಚು ಕಾಣುವುದಿಲ್ಲ. ಶಾಂತಿ ಎಂಬ ಬುದ್ಧಿಮಾತನ್ನು ಹೊಡೆಸಿಕೊಂಡವರಿಗೇ ಹೇಳುತ್ತಾರೆ ಎಂಬ ನಿಮ್ಮ ಮಾತಿನಲ್ಲಿ ನಿಜವಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಇಂಥ ಕಡೆ ನನಗೆ ದಾರಿ ತೋರಿಸಿದ್ದು ಅಂಬೇಡ್ಕರ್. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತಾ, ರಕ್ತ ಹರಿಸುವ ದಾರಿಯನ್ನು ಇನ್ನು ಬಿಡಬೇಕು ಎಂದರು. ಅದರ ಜೊತೆಗೇ ಇನ್ನೊಂದು ಮಾತು ಹೇಳಿದರು. ಸಂವಿಧಾನದ ದಾರಿಗಳೇ ಇಲ್ಲದಿದ್ದಾಗ ಬೇರೆ ದಾರಿಗಳಿಗೆ ಸಮರ್ಥನೆ ಇತ್ತು, ದಾರಿ ತೆರೆದ ಮೇಲೆ ಅದು ಇಲ್ಲ ಎಂದು. ಅವಮಾನವನ್ನು ಜೀವಮಾನವಿಡೀ ಉಂಡವರು ಹೇಳಿದ ಮಾತು ಇದು. ಇದರಲ್ಲಿ ಉಪದೇಶವಿಲ್ಲ, ಒಂದು ಅಳತೆ ಇದೆ: ಬಾಗಿಲು ನಿಜವಾಗಿ ಮುಚ್ಚಿದೆಯಾ? ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಕಾಂಗ್ರೆಸ್ಸಿನ ಬಾವುಟ ಹಿಡಿದ ಜನರ ಮೇಲೆ ಗುಂಡು ಬಿತ್ತು. ಆಗ ಮೈಸೂರಿನಲ್ಲಿ ಜನರಿಗೆ ಉತ್ತರ ಕೊಡುವ ಸರ್ಕಾರ ಇರಲಿಲ್ಲ. ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಆದರೂ ಚಳವಳಿಯವರು ಬಂದೂಕು ಹುಡುಕಿಕೊಂಡು ಹೋಗಲಿಲ್ಲ, ಮನೆಗೂ ಹೋಗಲಿಲ್ಲ. ಕೆಲವೇ ವಾರಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಕಾಂಗ್ರೆಸ್ಸಿನ ವಲ್ಲಭಭಾಯಿ ಪಟೇಲರ ನಡುವೆ ಮಿರ್ಜಾ–ಪಟೇಲ್ ಒಪ್ಪಂದವಾಗಿ ಆ ಬಾವುಟಕ್ಕೆ ಸರ್ಕಾರ ಒಪ್ಪಿಗೆ ಕೊಡಬೇಕಾಯಿತು.

ನಿಮ್ಮ ಕೇಸಿನಲ್ಲಿ ಬಾಗಿಲು ಮುಚ್ಚಿಲ್ಲ. ನಿಮ್ಮ ಕಾಗದ ಓದಿದರೆ ಇನ್ನೂ ಸರಿಯಾಗಿ ತಟ್ಟಿಯೇ ಇಲ್ಲ ಅನಿಸುತ್ತದೆ.

ಇಬ್ಬರು ತಿರುಗಿಬಿದ್ದರೆ ಕೇಸು ಮುಗಿಯಿತು ಎಂದು ಊರಲ್ಲಿ ಎಲ್ಲರೂ ನಂಬುತ್ತಾರೆ. ಪಟಾಕಿ ಹೊಡೆದವರೂ ಹಾಗೇ ನಂಬಿದ್ದಾರೆ. ಅದು ಸುಳ್ಳು. ಒಂದು ವಿಷಯ ಸಾಬೀತಾಗಲು ಇಷ್ಟೇ ಜನ ಸಾಕ್ಷಿ ಬೇಕು ಎಂದು ಕಾನೂನಿನಲ್ಲಿ ಎಲ್ಲೂ ಇಲ್ಲ. ನಂಬಿಕೆಗೆ ತಕ್ಕ ಒಬ್ಬರ ಮಾತು ಸಾಕು. ಅದರಲ್ಲೂ ಪೆಟ್ಟು ತಿಂದವರ ಮಾತಿಗೆ ಕೋರ್ಟುಗಳು ವಿಶೇಷ ತೂಕ ಕೊಡುತ್ತವೆ. ಅವರು ಸ್ಥಳದಲ್ಲಿ ಇದ್ದರು ಎನ್ನುವುದಕ್ಕೆ ಗಾಯವೇ ಸಾಕ್ಷಿ. ನಿಜವಾಗಿ ಹೊಡೆದವರನ್ನು ಬಿಟ್ಟು ಬೇರೆಯವರ ಹೆಸರು ಯಾಕೆ ಹೇಳುತ್ತಾರೆ ಎನ್ನುವುದು ಇದರ ಹಿಂದಿನ ತರ್ಕ. ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಎಕ್ಸ್‌ರೇ, ವಶಪಡಿಸಿಕೊಂಡ ಮಚ್ಚು, ಇವೆಲ್ಲ ಅವರ ಮಾತಿಗೆ ಜೊತೆಯಾಗುತ್ತವೆ. ತಿರುಗಿಬಿದ್ದ ಸಾಕ್ಷಿಯ ಹೇಳಿಕೆಯಲ್ಲೂ ನಂಬುವಂಥ ಭಾಗವನ್ನು ಕೋರ್ಟು ಬಳಸಿಕೊಳ್ಳಬಹುದು. ಆದ್ದರಿಂದ ನಿಮ್ಮ ತಂದೆಯ ಸಾಕ್ಷಿಯೇ ಈ ಕೇಸಿನ ಜೀವ. ಅದನ್ನು ಇನ್ನು ಮುಂದಕ್ಕೆ ಹಾಕಿಸಿಕೊಳ್ಳಬೇಡಿ. ಆರೋಗ್ಯ ತೀರಾ ಸರಿಯಿಲ್ಲದಿದ್ದರೆ ವಿಡಿಯೋ ಮೂಲಕ ಸಾಕ್ಷಿ ಕೇಳುವಂತೆ ಅಥವಾ ಮನೆಗೇ ಕಮಿಷನರ್ ಕಳಿಸುವಂತೆ ಅರ್ಜಿ ಹಾಕಬಹುದು. ಪಾಟೀ ಸವಾಲಿನಲ್ಲಿ ಅವರನ್ನು ಕಾಡುತ್ತಾರೆ. ಬದುವಿನ ಜಗಳಕ್ಕೆ ಸುಳ್ಳು ಕೇಸು ಹಾಕಿದ್ದೀರಿ ಅನ್ನುತ್ತಾರೆ. ಇದು ಅವರಿಗೆ ಮೊದಲೇ ಗೊತ್ತಿರಲಿ.

ಸರ್ಕಾರಿ ವಕೀಲರಿಗೆ ಕೈತುಂಬ ಕೇಸುಗಳಿರುತ್ತವೆ. ಅವರಿಗೆ ನೆರವಾಗಲು ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಲು ಕೋರ್ಟು ಅನುಮತಿ ಕೊಡುತ್ತದೆ. ಹಣ ಇಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ. ಉಳಿದವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100. ನೀವು ಪರಿಶಿಷ್ಟ ಜಾತಿಯವರಾಗಿದ್ದು ಹೊಡೆದವರು ಅಲ್ಲದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯ ಕಲಂಗಳು ಚಾರ್ಜ್‌ಶೀಟಿನಲ್ಲಿ ಇವೆಯಾ ಎಂದು ತಪ್ಪದೆ ನೋಡಿಸಿ.

ಇನ್ನೂ ಸಾಕ್ಷಿ ಹೇಳಬೇಕಾದವರಿಗೆ ಬೆದರಿಕೆ ಇದ್ದರೆ ಸಾಕ್ಷಿ ಸಂರಕ್ಷಣಾ ಯೋಜನೆ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇಡೀ ದೇಶಕ್ಕೆ ಅನ್ವಯ ಮಾಡಿತು. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಕೊಡಬೇಕು. ಪೊಲೀಸರಿಂದ ವರದಿ ತರಿಸಿಕೊಂಡು, ಮನೆ ಹತ್ತಿರ ಗಸ್ತು, ಕೋರ್ಟಿಗೆ ಬರಲು ಬೆಂಗಾವಲು ಇಂಥ ಆದೇಶ ಮಾಡುತ್ತಾರೆ. ನಮ್ಮ ಕಡೆ ಈ ಅರ್ಜಿ ಹಾಕುವವರೇ ಕಡಿಮೆ. ಕಂಬಾಲಪಲ್ಲಿಯ ಕಾಲಕ್ಕೆ ಇಂಥದ್ದೊಂದು ಯೋಜನೆಯೇ ಇರಲಿಲ್ಲ. ಇದರಲ್ಲೂ ತೊಡಕಿದೆ. ಒಳ್ಳೆಯ ವರದಿ ಬರುವುದು ಸ್ಥಳೀಯ ಪೊಲೀಸರ ಮನಸ್ಸಿನ ಮೇಲೆ ನಿಂತಿದೆ. ಆದ್ದರಿಂದ ಬೆದರಿಕೆಯ ಫೋನು, ಮೆಸೇಜು, ದಿನಾಂಕ ಎಲ್ಲವನ್ನೂ ಜೋಪಾನ ಮಾಡಿ. ಅವೇ ದಾಖಲೆಗಳಿಂದ ಆ ಮೂವರ ಜಾಮೀನು ರದ್ದು ಮಾಡಿ ಎಂದೂ ಕೇಳಬಹುದು. ಜಾಮೀನಿನ ಹಂತದಲ್ಲೂ ನೊಂದವರ ಮಾತು ಕೇಳಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಪಟಾಕಿ ಹೊಡೆದರು ಎನ್ನುವುದೊಂದೇ ಇದಕ್ಕೆ ಸಾಲದು.

ಶಾಂತಿ ಕಾಪಾಡಲು ಮುಚ್ಚಳಿಕೆ ಬರೆಸಿಕೊಳ್ಳಿ ಎಂದು ಪೊಲೀಸರನ್ನು ಕೇಳುವ ದಾರಿಯೂ ಇದೆ. ನನಗೆ ಇದು ಅಷ್ಟು ಇಷ್ಟವಿಲ್ಲ. ಸಾಮಾನ್ಯವಾಗಿ ಎರಡೂ ಕಡೆಯವರನ್ನು ತಹಶೀಲ್ದಾರರ ಮುಂದೆ ನಿಲ್ಲಿಸಿಬಿಡುತ್ತಾರೆ. ನಿಮ್ಮ ತಂದೆಯೂ ಗಲಾಟೆಯವರ ಪಟ್ಟಿಗೆ ಸೇರುತ್ತಾರೆ. ಬದುವಿನ ವಿಷಯಕ್ಕೆ ಬೇರೆಯಾಗಿ ಹದ್ದುಬಸ್ತು ಅರ್ಜಿ ಹಾಕಿ ಅಳತೆ ಮಾಡಿಸಿ. ಅದು ಕ್ರಿಮಿನಲ್ ಕೇಸಿಗೆ ಕಾಯಬೇಕಿಲ್ಲ. ಇಷ್ಟೆಲ್ಲ ಆಗಿಯೂ ಬಿಡುಗಡೆಯ ತೀರ್ಪು ಬಂದರೆ, ಸರ್ಕಾರ ಮೇಲ್ಮನವಿ ಹಾಕಲಿ ಬಿಡಲಿ, ನೊಂದವರು ತಾವೇ ಹಾಕಬಹುದು.

ಈಗ ಆ ಹುಡುಗ. ಅವನು ಒಬ್ಬನೇ ಹೋಗುವುದಿಲ್ಲ, ಹುಡುಗರನ್ನು ಸೇರಿಸಿದ್ದಾನೆ. ಐದು ಅಥವಾ ಹೆಚ್ಚು ಜನ ಗುಂಪು ಕಟ್ಟಿ ಹೋಗಿ ಒಬ್ಬ ಹೊಡೆದರೂ ಎಲ್ಲರೂ ಹೊಡೆದಂತೆಯೇ ಎಂದು ನ್ಯಾಯ ಸಂಹಿತೆಯ 190ನೇ ಕಲಂ ಹೇಳುತ್ತದೆ. ಬೈಕು ಓಡಿಸಿದವನಿಗೂ, ‘ಸುಮ್ನೆ ಜೊತೆಗೆ ಹೋಗಿದ್ದೆ’ ಅನ್ನುವವನಿಗೂ ಅದೇ ಶಿಕ್ಷೆ. ತನಗೆ ಜೈಲಾದರೂ ಸರಿ ಅನ್ನುವವನು ಆ ಹುಡುಗರ ತಾಯಂದಿರಿಗೆ ಏನು ಹೇಳುತ್ತಾನೆ ಎಂದು ಕೇಳಿ. ಆಮೇಲೆ ನಿಮ್ಮ ತಂದೆಯ ಎದುರು ಅವನನ್ನು ಕೂರಿಸಿ. ಎದುರು ಕೇಸು ಬಿದ್ದರೆ ದೊಡ್ಡಪ್ಪ ಕಟಕಟೆಯಲ್ಲಿ ಏನು ಹೇಳಬೇಕಾಗುತ್ತದೆ ಎನ್ನುವುದನ್ನು ಅವರ ಬಾಯಿಂದಲೇ ಕೇಳಲಿ. ನಾನು ಹೇಳುವುದಕ್ಕಿಂತ ಅದು ನಾಟುತ್ತದೆ.

ಅವನಿಗೆ ಮಾಡಲು ಕೆಲಸವನ್ನೂ ಕೊಡಿ. ಕೈ ಕಟ್ಟಿ ಕೂರು ಎಂದರೆ ಅವನು ಕೂರುವುದಿಲ್ಲ. ಗಾಯದ ದಾಖಲೆಗಳ ನಕಲು ತರುವುದು, ಹದ್ದುಬಸ್ತಿಗೆ ಓಡಾಡುವುದು, ಪ್ರತಿ ವಾಯಿದೆಗೂ ದೊಡ್ಡಪ್ಪನನ್ನು ಕರೆದುಕೊಂಡು ಬರುವುದು ಅವನ ಪಾಲಿಗಿರಲಿ. ಆ ಮೂವರ ಎದುರು ಕೋರ್ಟಿನ ಬೆಂಚಿನಲ್ಲಿ ದಿನವೆಲ್ಲ ಕೂತು ಬರಲು ಹೊಡೆದಾಡುವುದಕ್ಕಿಂತ ಜಾಸ್ತಿ ಧೈರ್ಯ ಬೇಕು. ಕಾಯಿ ಕೀಳುವ ದಿನಗಳಲ್ಲಿ ಗಲಾಟೆಯ ಭಯವಿದ್ದರೆ ಮುಂಚೆಯೇ ಠಾಣೆಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಅವತ್ತು ಅವರೇ ಮೇಲೆ ಬಿದ್ದು, ನಿಮ್ಮವರು ತಡೆಯಬೇಕಾಗಿ ಬಂದರೆ, ಆ ಕಾಗದ ನಿಮ್ಮ ಪರ ಮಾತಾಡುತ್ತದೆ. ಸದ್ಯಕ್ಕೆ ಮೊದಲ ಕೆಲಸ, ಮುಂದಿನ ವಾಯಿದೆ ಯಾವತ್ತು ಎಂದು ತಿಳಿದುಕೊಂಡು, ಅದಕ್ಕೆ ಮುಂಚೆ ಚಾರ್ಜ್‌ಶೀಟಿನ ಪ್ರತಿಯೊಂದಿಗೆ ಕಾನೂನು ಸೇವಾ ಸಮಿತಿಯ ವಕೀಲರನ್ನು ನಿಮ್ಮ ತಂದೆಯ ಜೊತೆಗೇ ಹೋಗಿ ನೋಡುವುದು.